ಕೋರೀಡರ್ ಪ್ಲಗಿನ್‌ಗಳ ಅಳವಡಿಕೆ

ಕೋರೀಡರ್ ಪ್ಲಗಿನ್‌ಗಳ ಅಳವಡಿಕೆ ಎಂದರೆ, ಮಾರ್ಪಡಿಸಿದ ಇ-ರೀಡರ್ ಸಾಧನಗಳಲ್ಲಿ ಕೆಲಸ ಮಾಡುವ ಕೋರೀಡರ್ ಎಂಬ ಮುಕ್ತ ತಂತ್ರಾಂಶಕ್ಕೆ ಹೆಚ್ಚುವರಿ ತಂತ್ರಾಂಶಗಳನ್ನೂ ಅವುಗಳೊಡನೆ ಬೇಕಾಗುವ ಫಾಂಟ್ ಮತ್ತು ನಿಘಂಟುಗಳನ್ನೂ ಸೇರಿಸುವ ಕ್ರಮ. ಈ ಕೆಲಸಕ್ಕೆ ಪ್ರೋಗ್ರಾಮಿಂಗ್ ಜ್ಞಾನ ಅಗತ್ಯವಿಲ್ಲ. ಸಾಧನಕ್ಕೆ ಹೊಂದುವ ಆವೃತ್ತಿಯನ್ನು ಆರಿಸುವುದು, ಕಡತಗಳನ್ನು ಸರಿಯಾದ ಫೋಲ್ಡರಿನಲ್ಲಿ ಸರಿಯಾದ ಹೆಸರಿನಿಂದ ಇರಿಸುವುದು, ಅನಂತರ ತಂತ್ರಾಂಶವನ್ನು ಮತ್ತೆ ಆರಂಭಿಸುವುದು ಇವಿಷ್ಟೇ ಇದರ ಸಾರ. ಅಳವಡಿಕೆ ವಿಫಲವಾಗುವ ಹೆಚ್ಚಿನ ಸಂದರ್ಭಗಳಲ್ಲಿ ದೋಷವಿರುವುದು ಪ್ಲಗಿನ್‌ನಲ್ಲಲ್ಲ, ಕಡತವನ್ನು ಇರಿಸಿದ ಸ್ಥಳದಲ್ಲಿ. ಕನ್ನಡ ಓದುಗರಿಗೆ ಈ ವಿಷಯ ಇನ್ನೊಂದು ಕಾರಣದಿಂದಲೂ ಮುಖ್ಯ. ಒತ್ತಕ್ಷರಗಳು ಒಡೆಯದೆ ಕಾಣುವಂತೆ ಕನ್ನಡ ಪುಸ್ತಕವನ್ನು ಇ-ರೀಡರಿನಲ್ಲಿ ಓದಲು ಇದೇ ಬಗೆಯ ಜೋಡಣೆ ಬೇಕಾಗುತ್ತದೆ.

ಈ ಲೇಖನದಲ್ಲಿ ಕಡತ, ಫೋಲ್ಡರ್ ಮತ್ತು ಮೆನುಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಸಾಧನದಲ್ಲಿ ಕಡತ ಮತ್ತು ಫೋಲ್ಡರ್‌ಗಳ ಹೆಸರು ರೋಮನ್ ಲಿಪಿಯಲ್ಲಿರುತ್ತದೆ.

ಹಿನ್ನೆಲೆ

ಇ-ರೀಡರ್ ಎಂಬುದು ಪುಸ್ತಕ ಓದುವುದಕ್ಕೆಂದೇ ರೂಪಿಸಿದ ಕೈಸಾಧನ. ಇದರ ಪರದೆಯಲ್ಲಿ ಇ-ಇಂಕ್ ತಂತ್ರಜ್ಞಾನವಿರುತ್ತದೆ. ಪುಟ ಬದಲಾಗುವಾಗ ಮಾತ್ರ ಪರದೆ ವಿದ್ಯುತ್ತನ್ನು ಬಳಸುವುದರಿಂದ ಬ್ಯಾಟರಿ ದೀರ್ಘಕಾಲ ಬಾಳುತ್ತದೆ. ಅಮೆಜಾನ್ ಸಂಸ್ಥೆಯ ಕಿಂಡಲ್ 2007ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. 2012ರಲ್ಲಿ ಭಾರತದ ಮಾರುಕಟ್ಟೆಗೆ ಬಂದಿತು. ಕೋಬೋ ಮತ್ತು ಪಾಕೆಟ್‌ಬುಕ್ ಈ ವರ್ಗದ ಇತರ ಪ್ರಸಿದ್ಧ ಸಾಧನಗಳು.

ಇ-ರೀಡರ್‌ಗಳು ಲಿನಕ್ಸ್ ಆಧಾರಿತ ಸಣ್ಣ ಗಣಕಗಳೇ ಆಗಿದ್ದರೂ, ತಯಾರಕರು ಕೊಟ್ಟ ಓದುವ ತಂತ್ರಾಂಶವನ್ನು ಹೊರತುಪಡಿಸಿ ಬೇರೊಂದನ್ನು ನಡೆಸಲು ಕಿಂಡಲ್‌ನಂಥ ಸಾಧನಗಳು ಅವಕಾಶ ಕೊಡುವುದಿಲ್ಲ. ಈ ನಿರ್ಬಂಧವನ್ನು ತೆಗೆಯುವ ಕ್ರಿಯೆಗೆ ಜೈಲ್‌ಬ್ರೇಕ್ ಎಂದು ಹೆಸರು. ಹೀಗೆ ನಿರ್ಬಂಧ ತೆಗೆದ ಅಥವಾ ಹೆಚ್ಚುವರಿ ತಂತ್ರಾಂಶ ಸೇರಿಸಿದ ಸಾಧನವನ್ನು ಮಾರ್ಪಡಿಸಿದ ಇ-ರೀಡರ್ ಎನ್ನುತ್ತಾರೆ.

ಕೋರೀಡರ್ ಇಂಥ ಸಾಧನಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಓದುವ ತಂತ್ರಾಂಶ. ಇದು ಮೊದಲಿಗೆ ಕಿಂಡಲ್‌ನಲ್ಲಿ ಪಿಡಿಎಫ್ ಓದುವ ಸಣ್ಣ ತಂತ್ರಾಂಶವಾಗಿ ಆರಂಭಗೊಂಡು, ಕಾಲಕ್ರಮದಲ್ಲಿ ಕೋಬೋ, ಪಾಕೆಟ್‌ಬುಕ್, ಆಂಡ್ರಾಯ್ಡ್ ಮುಂತಾದ ವೇದಿಕೆಗಳಿಗೂ ವಿಸ್ತರಿಸಿತು. ಇದರ ಮೂಲ ಸಂಕೇತ ಎಜಿಪಿಎಲ್ ಪರವಾನಗಿಯಡಿ ಎಲ್ಲರಿಗೂ ಮುಕ್ತವಾಗಿದೆ. ಮೇಲ್ಪದರವನ್ನು ಲುವಾ ಭಾಷೆಯಲ್ಲಿ ಬರೆಯಲಾಗಿದೆ. ಇಪಬ್‌ನಂಥ ಹರಿಯುವ ಪಠ್ಯಕ್ಕೆ ಸಿಆರ್‌ಎಂಜಿನ್, ಪಿಡಿಎಫ್ ಕಡತಗಳಿಗೆ ಮುಪಿಡಿಎಫ್, ಡೇಜಾವು ಕಡತಗಳಿಗೆ ಡೇಜಾವುಲಿಬ್ರೆ ಎಂಬ ಘಟಕಗಳನ್ನು ಇದು ಬಳಸುತ್ತದೆ. ಮೇಲ್ಪದರ ಲುವಾದಲ್ಲಿರುವುದರಿಂದಲೇ ಹೊರಗಿನ ಪ್ಲಗಿನ್‌ಗಳನ್ನು ಸೇರಿಸುವುದು ಸುಲಭ. ಅವನ್ನು ಪ್ರತಿಯೊಂದು ಸಾಧನಕ್ಕೂ ಬೇರೆಬೇರೆಯಾಗಿ ಸಿದ್ಧಪಡಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಕನ್ನಡದ ಮಟ್ಟಿಗೆ ಹಿನ್ನೆಲೆ ಸ್ವಲ್ಪ ಭಿನ್ನ. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಭಾರತದಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ ಮತ್ತು ಮಲಯಾಳಂ ಈ ಐದು ಭಾಷೆಗಳ ಕಿಂಡಲ್ ಪುಸ್ತಕಗಳನ್ನು ಪ್ರಕಟಿಸಿದಾಗ ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹೀಗಾಗಿ ಇ-ಇಂಕ್ ಪರದೆಯಲ್ಲಿ ಕನ್ನಡ ಓದಬಯಸುವವರು ಇತರ ಮೂಲಗಳಿಂದ ಪಡೆದ ಇಪಬ್ ಮತ್ತು ಪಿಡಿಎಫ್ ಕಡತಗಳನ್ನು ಅವಲಂಬಿಸಬೇಕಾಯಿತು. ಆ ಕಡತಗಳನ್ನು ನಿರ್ಬಂಧವಿಲ್ಲದೆ ತೆರೆಯುವ ಕೋರೀಡರ್‌ನ ಉಪಯುಕ್ತತೆ ಇಲ್ಲಿ ಎದ್ದುಕಾಣುತ್ತದೆ.

ಸೇರ್ಪಡೆಗಳ ವಿಧಗಳು

ಕೋರೀಡರ್‌ಗೆ ಸೇರಿಸಬಹುದಾದ ಸಾಮಗ್ರಿ ಮುಖ್ಯವಾಗಿ ನಾಲ್ಕು ಬಗೆ. ಪ್ರತಿಯೊಂದಕ್ಕೂ ನಿಗದಿತ ಸ್ಥಳವಿದ್ದು, ಒಂದರ ಸ್ಥಳದಲ್ಲಿ ಇನ್ನೊಂದನ್ನು ಇರಿಸಿದರೆ ಫಲ ದೊರೆಯುವುದಿಲ್ಲ. ಕೆಳಗಿನ ಎಲ್ಲ ಸ್ಥಳಗಳೂ 'ಕೋರೀಡರ್' ಎಂಬ ಮುಖ್ಯ ಫೋಲ್ಡರಿನ ಒಳಗಿವೆ.

1. ಪ್ಲಗಿನ್: ಹೊಸ ಸೌಲಭ್ಯವನ್ನು ಸೇರಿಸುವ ಘಟಕ. ಇದು ಒಂದೇ ಕಡತವಲ್ಲ, ಒಂದು ಇಡೀ ಫೋಲ್ಡರ್. ಅದರ ಹೆಸರು ಕಡ್ಡಾಯವಾಗಿ '.ಕೋಪ್ಲಗಿನ್' ಎಂದು ಮುಗಿಯಬೇಕು. ಸ್ಥಳ: 'ಪ್ಲಗಿನ್ಸ್' ಫೋಲ್ಡರ್.
2. ಪ್ಯಾಚ್: ತಂತ್ರಾಂಶದ ವರ್ತನೆಯಲ್ಲಿ ಸಣ್ಣ ಬದಲಾವಣೆ ತರುವ ಒಂದೇ ಲುವಾ ಕಡತ. ಇದರ ಹೆಸರು ಒಂದು ಅಂಕೆಯಿಂದ ಆರಂಭವಾಗುತ್ತದೆ. ಅದನ್ನು ಯಾವ ಹಂತದಲ್ಲಿ ಅನ್ವಯಿಸಬೇಕೆಂಬುದನ್ನು ಆ ಅಂಕೆ ಸೂಚಿಸುತ್ತದೆ. ಸ್ಥಳ: 'ಪ್ಯಾಚಸ್' ಫೋಲ್ಡರ್. ಇದು ಇಲ್ಲದಿದ್ದರೆ ಬಳಕೆದಾರರೇ ರಚಿಸಿಕೊಳ್ಳಬೇಕು.
3. ಫಾಂಟ್: ಟಿಟಿಎಫ್ ಅಥವಾ ಒಟಿಎಫ್ ಮಾದರಿಯ ಅಕ್ಷರ ಕಡತ. ಸ್ಥಳ: 'ಫಾಂಟ್ಸ್' ಫೋಲ್ಡರ್.
4. ನಿಘಂಟು: ಸ್ಟಾರ್‌ಡಿಕ್ಟ್ ಮಾದರಿಯ ಕಡತಗಳ ಗುಂಪು. ಸ್ಥಳ: 'ಡೇಟಾ' ಫೋಲ್ಡರಿನೊಳಗಿನ 'ಡಿಕ್ಟ್' ಫೋಲ್ಡರ್.

ಕೋರೀಡರ್‌ನೊಂದಿಗೇ ಬರುವ ಪ್ಲಗಿನ್‌ಗಳೂ ಅನೇಕ. ಓದಿನ ಅಂಕಿ-ಅಂಶ, ಪದಸಂಗ್ರಹ, ಗಣಕದ ಕ್ಯಾಲಿಬರ್ ಗ್ರಂಥಾಲಯದೊಂದಿಗೆ ಸಂಪರ್ಕ, ಎರಡು ಸಾಧನಗಳ ನಡುವೆ ಓದಿದ ಪುಟದ ಹೊಂದಾಣಿಕೆ ಇವು ಅವುಗಳಲ್ಲಿ ಕೆಲವು. ಹೊರಗಿನ ಪ್ಲಗಿನ್ ಹುಡುಕುವ ಮೊದಲು, ಬೇಕಾದ ಸೌಲಭ್ಯ ಒಳಗೇ ಇದೆಯೇ ಎಂದು ನೋಡುವುದು ಒಳ್ಳೆಯದು.

ಸಾಧನದ ಸಿದ್ಧತೆ

ಕಿಂಡಲ್

ಜೈಲ್‌ಬ್ರೇಕ್ ವಿಧಾನವು ಕಿಂಡಲ್‌ನ ಮಾದರಿ ಮತ್ತು ಅದರ ಫರ್ಮ್‌ವೇರ್ ಆವೃತ್ತಿಯನ್ನು ಅವಲಂಬಿಸಿದೆ. ಒಂದು ಆವೃತ್ತಿಗೆ ಹೊಂದುವ ವಿಧಾನ ಇನ್ನೊಂದಕ್ಕೆ ಹೊಂದುವುದಿಲ್ಲ. ಆದ್ದರಿಂದ ಸಾಧನದ ಸೆಟ್ಟಿಂಗ್ಸ್ ಭಾಗದಲ್ಲಿ ಆವೃತ್ತಿಯ ಸಂಖ್ಯೆಯನ್ನು ಓದಿ ಬರೆದಿಟ್ಟುಕೊಳ್ಳುವುದು ಮೊದಲ ಹೆಜ್ಜೆ. ಜೈಲ್‌ಬ್ರೇಕ್ ಆದ ಬಳಿಕ 'ಹಾಟ್‌ಫಿಕ್ಸ್' ಎಂಬ ಕಡತವನ್ನು ಹಾಕಲಾಗುತ್ತದೆ. ಮುಂದಿನ ನವೀಕರಣದಲ್ಲಿ ಮಾರ್ಪಾಡು ಅಳಿಸಿಹೋಗದಂತೆ ಕಾಪಾಡುವುದು ಇದರ ಉದ್ದೇಶ.

ಅನಂತರದ ಎರಡು ಉಪಕರಣಗಳು ಎಂಆರ್‌ಪಿಐ ಮತ್ತು ಕ್ಯುಯಲ್. ಮೊದಲನೆಯದು ಪ್ಯಾಕೇಜುಗಳನ್ನು ಅಳವಡಿಸುವ ಸಾಧನ. ಎರಡನೆಯದು ಹೆಚ್ಚುವರಿ ತಂತ್ರಾಂಶಗಳನ್ನು ತೆರೆಯುವ ಮೆನು. ಎಂಆರ್‌ಪಿಐ ಕಡತವನ್ನು ಬಿಚ್ಚಿದಾಗ ದೊರೆಯುವ 'ಎಕ್ಸ್‌ಟೆನ್ಷನ್ಸ್' ಮತ್ತು 'ಎಂಆರ್‌ಪ್ಯಾಕೇಜಸ್' ಫೋಲ್ಡರ್‌ಗಳನ್ನು ಕಿಂಡಲ್‌ನ ಮೂಲ ಸ್ಥಳಕ್ಕೆ, ಅಂದರೆ ಯಾವುದೇ ಫೋಲ್ಡರಿನ ಒಳಗಲ್ಲದ ಅತ್ಯಂತ ಹೊರ ಹಂತಕ್ಕೆ, ನಕಲಿಸಬೇಕು. ಕ್ಯುಯಲ್‌ನ ಅಳವಡಿಕೆ ಕಡತವನ್ನು 'ಎಂಆರ್‌ಪ್ಯಾಕೇಜಸ್' ಒಳಗಿರಿಸಿ, ಸಾಧನದ ಹುಡುಕು ಪಟ್ಟಿಯಲ್ಲಿ ಅರ್ಧವಿರಾಮ ಚಿಹ್ನೆ ಹಾಕಿ ಅದಕ್ಕೆ ತಾಗಿದಂತೆ 'ಲಾಗ್ ಎಂಆರ್‌ಪಿಐ' ಎಂಬ ಆದೇಶವನ್ನು ರೋಮನ್ ಲಿಪಿಯಲ್ಲಿ ಬರೆದರೆ ಅಳವಡಿಕೆ ನಡೆಯುತ್ತದೆ.

ಕಿಂಡಲ್‌ಗಾಗಿ ಕೋರೀಡರ್ ಹಲವು ಪ್ಯಾಕೇಜುಗಳಲ್ಲಿ ದೊರೆಯುತ್ತದೆ. ಗುಂಡಿಗಳಿದ್ದ ಮೊದಮೊದಲ ಮಾದರಿಗಳಿಗೆ ಒಂದು, ಆ ಬಳಿಕದ ಹಳೆಯ ಮಾದರಿಗಳಿಗೆ ಒಂದು, ಪೇಪರ್‌ವೈಟ್ ಎರಡನೆಯ ಪೀಳಿಗೆಯಿಂದ ಮುಂದಿನವಕ್ಕೆ ಮತ್ತೊಂದು. ಫರ್ಮ್‌ವೇರ್ 5.16.3 ಮತ್ತು ಅದರ ನಂತರದ ಆವೃತ್ತಿಗಳಿಗೆ 'ಎಚ್‌ಎಫ್' ಎಂದು ಗುರುತಿಸಿದ ಪ್ರತ್ಯೇಕ ಪ್ಯಾಕೇಜ್ ಇದೆ. ಸಾಧನ ಒಂದೇ ಆಗಿದ್ದರೂ ಫರ್ಮ್‌ವೇರ್ ಬದಲಾದರೆ ಪ್ಯಾಕೇಜೂ ಬದಲಾಗಬೇಕೆಂಬುದು ಇಲ್ಲಿ ಗಮನಿಸಬೇಕಾದ ಅಂಶ. ತಪ್ಪು ಪ್ಯಾಕೇಜ್ ಹಾಕಿದರೆ ಕೋರೀಡರ್ ತೆರೆಯುವುದೇ ಇಲ್ಲ.

2024ರಲ್ಲಿ ಬಂದ ಕಿಂಡಲ್ ಮಾದರಿಗಳು ಗಣಕಕ್ಕೆ ಜೋಡಿಸಿದಾಗ ಪೆನ್‌ಡ್ರೈವ್‌ನಂತೆ ಕಾಣದೆ ಎಂಟಿಪಿ ಎಂಬ ವಿಧಾನದಲ್ಲಿ ಸಂಪರ್ಕ ಹೊಂದುತ್ತವೆ. ವಿಂಡೋಸ್‌ನಲ್ಲಿ ಇದರಿಂದ ತೊಂದರೆಯಿಲ್ಲ. ಮ್ಯಾಕ್ ಗಣಕದಲ್ಲಿ ಪ್ರತ್ಯೇಕ ತಂತ್ರಾಂಶ ಬೇಕಾಗುತ್ತದೆ.

ಕೋಬೋ

ಕೋಬೋ ಸಾಧನಗಳಿಗೆ ಜೈಲ್‌ಬ್ರೇಕ್ ಬೇಕಿಲ್ಲ. ಗಣಕಕ್ಕೆ ಜೋಡಿಸಿದಾಗ ಕಾಣುವ '.ಕೋಬೋ' ಎಂಬ ಮರೆಯಾದ ಫೋಲ್ಡರಿನಲ್ಲಿ 'ಕೋಬೋರೂಟ್' ಎಂಬ ಟಿಜಿಝಡ್ ಕಡತವನ್ನು ಇರಿಸಿ ಸಂಪರ್ಕ ಬಿಡಿಸಿದರೆ, ಸಾಧನವು ಅದನ್ನು ತಾನೇ ಅಳವಡಿಸಿಕೊಂಡು ಮರುಪ್ರಾರಂಭಗೊಳ್ಳುತ್ತದೆ. ನಿಕ್ಕಲ್‌ಮೆನು ಎಂಬ ಸಣ್ಣ ತಂತ್ರಾಂಶವನ್ನು ಈ ರೀತಿ ಹಾಕಿದ ಬಳಿಕ ಅದರ ಮೂಲಕ ಕೋರೀಡರನ್ನು ತೆರೆಯಬಹುದು. ಕೋರೀಡರ್ ಫೋಲ್ಡರಿನ ಸ್ಥಳ '.ಆ್ಯಡ್ಸ್' ಎಂಬ ಮತ್ತೊಂದು ಮರೆಯಾದ ಫೋಲ್ಡರ್.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಕೋಬೋರೂಟ್ ಕಡತವನ್ನು ಬಿಚ್ಚಬಾರದು, ಇದ್ದಂತೆಯೇ ನಕಲಿಸಬೇಕು. ಕೆಲವು ಬ್ರೌಸರ್‌ಗಳು ಇಳಿಸಿಕೊಂಡ ಕಡತವನ್ನು ತಾವಾಗಿಯೇ ಬಿಚ್ಚುವುದರಿಂದ ಈ ತಪ್ಪು ಬಳಕೆದಾರರ ಗಮನಕ್ಕೆ ಬಾರದೆಯೂ ಆಗಬಹುದು. ಎರಡನೆಯದಾಗಿ, ಕೋಬೋದ ಇತ್ತೀಚಿನ ಫರ್ಮ್‌ವೇರ್‌ಗಳು ಮರೆಯಾದ ಫೋಲ್ಡರ್‌ಗಳನ್ನೂ ಜಾಲಾಡಿ, ಅಲ್ಲಿನ ಚಿತ್ರಗಳನ್ನು ಪುಸ್ತಕಗಳೆಂದು ಪಟ್ಟಿಗೆ ಸೇರಿಸುತ್ತವೆ. ಇದನ್ನು ತಡೆಯಲು ಸಾಧನದ ಸಂರಚನಾ ಕಡತದಲ್ಲಿ ಆ ಫೋಲ್ಡರ್‌ಗಳನ್ನು ಹೊರಗಿಡುವ ಸೂಚನೆಯನ್ನು ಸೇರಿಸಬೇಕು.

ಅಳವಡಿಕೆಯ ಕ್ರಮ

ಕೋರೀಡರ್ ಸರಿಯಾಗಿ ತೆರೆಯುತ್ತಿದೆ ಎಂದು ಖಚಿತವಾದ ಮೇಲೆ ಮಾತ್ರ ಪ್ಲಗಿನ್ ಸೇರಿಸಬೇಕು. ಎರಡನ್ನೂ ಒಟ್ಟಿಗೆ ಹಾಕಿದರೆ ದೋಷ ಯಾವುದರಲ್ಲಿದೆ ಎಂದು ತಿಳಿಯುವುದು ಕಷ್ಟ.

1. ಪ್ಲಗಿನ್‌ನ ವಿವರಣೆ ಓದಿ, ಅದಕ್ಕೆ ಕೋರೀಡರ್‌ನ ಯಾವ ಆವೃತ್ತಿ ಬೇಕೆಂದು ತಿಳಿಯಬೇಕು. ಕೋರೀಡರ್ ಆವೃತ್ತಿಗಳಿಗೆ ವರ್ಷ ಮತ್ತು ತಿಂಗಳ ಸಂಖ್ಯೆಯ ಹೆಸರಿರುವುದರಿಂದ ಹೋಲಿಕೆ ಸುಲಭ.
2. ಪ್ಲಗಿನ್‌ನ ಸಿದ್ಧ ಬಿಡುಗಡೆಯಿದ್ದರೆ ಅದನ್ನೇ ಇಳಿಸಿಕೊಳ್ಳಬೇಕು. ಅದಿಲ್ಲದಿದ್ದಾಗ ಮಾತ್ರ ಮೂಲ ಸಂಕೇತದ ಜಿಪ್ ಕಡತವನ್ನು ಪಡೆಯಬೇಕು.
3. ಜಿಪ್ ಕಡತವನ್ನು ಸಾಧನದಲ್ಲಲ್ಲ, ಗಣಕದಲ್ಲಿ ಬಿಚ್ಚಬೇಕು.
4. ಬಿಚ್ಚಿದ ಫೋಲ್ಡರನ್ನು ತೆರೆದು ನೋಡಬೇಕು. 'ಮೇನ್.ಲುವಾ' ಎಂಬ ಕಡತ ನೇರವಾಗಿ ಅದರೊಳಗೇ ಕಾಣಬೇಕು. ಸಾಮಾನ್ಯವಾಗಿ ಅದರ ಜೊತೆಗೆ 'ಮೆಟಾ.ಲುವಾ' ಎಂಬ ಕಡತವೂ ಇರುತ್ತದೆ. ಇದರ ಮೂಲ ಹೆಸರು ಅಡಿಗೆರೆಯಿಂದ ಆರಂಭವಾಗುತ್ತದೆ.
5. ಫೋಲ್ಡರಿನ ಹೆಸರು '.ಕೋಪ್ಲಗಿನ್' ಎಂದೇ ಮುಗಿಯುತ್ತದೆಯೇ ಎಂದು ಪರೀಕ್ಷಿಸಬೇಕು. ಅದರ ಮುಂದೆ ಬೇರೆ ಅಕ್ಷರಗಳಿದ್ದರೆ ಅಳಿಸಬೇಕು.
6. ಕೋರೀಡರನ್ನು ಮುಚ್ಚಿ, ಸಾಧನವನ್ನು ಗಣಕಕ್ಕೆ ಜೋಡಿಸಿ, ಆ ಫೋಲ್ಡರನ್ನು 'ಕೋರೀಡರ್' ಒಳಗಿನ 'ಪ್ಲಗಿನ್ಸ್' ಫೋಲ್ಡರಿಗೆ ನಕಲಿಸಬೇಕು.
7. ಗಣಕದಲ್ಲಿ 'ಇಜೆಕ್ಟ್' ಆಯ್ಕೆ ಒತ್ತಿದ ಅನಂತರವೇ ಕೇಬಲ್ ತೆಗೆಯಬೇಕು.
8. ಕೋರೀಡರನ್ನು ಮತ್ತೆ ಆರಂಭಿಸಬೇಕು. ಪ್ಲಗಿನ್‌ಗಳನ್ನು ಅದು ಆರಂಭವಾಗುವಾಗ ಮಾತ್ರ ಹುಡುಕುತ್ತದೆ.
9. ಮೇಲಿನ ಮೆನುವಿನ 'ಟೂಲ್ಸ್' ಭಾಗದಲ್ಲಿ 'ಮೋರ್ ಟೂಲ್ಸ್', ಅದರಲ್ಲಿ 'ಪ್ಲಗಿನ್ ಮ್ಯಾನೇಜ್‌ಮೆಂಟ್' ತೆರೆದು ಹೊಸ ಹೆಸರು ಪಟ್ಟಿಯಲ್ಲಿದೆಯೇ, ಅದರ ಮುಂದೆ ಗುರುತು ಇದೆಯೇ ಎಂದು ನೋಡಬೇಕು.

ಒಮ್ಮೆಗೆ ಒಂದೇ ಪ್ಲಗಿನ್ ಸೇರಿಸಿ ಪರೀಕ್ಷಿಸುವುದು ಉತ್ತಮ. ಐದನ್ನು ಒಟ್ಟಿಗೆ ಹಾಕಿ ಕೋರೀಡರ್ ನಿಂತುಹೋದರೆ ಐದನ್ನೂ ಒಂದೊಂದಾಗಿ ತೆಗೆದು ನೋಡಬೇಕಾಗುತ್ತದೆ.

ಸಾಮಾನ್ಯ ದೋಷಗಳು ಮತ್ತು ಪರಿಹಾರ

ಪಟ್ಟಿಯಲ್ಲಿ ಪ್ಲಗಿನ್ ಕಾಣಿಸದಿರುವುದು

ಇದು ಅತ್ಯಂತ ಸಾಮಾನ್ಯ ದೂರು. ಇದಕ್ಕೆ ಮೂರು ಮುಖ್ಯ ಕಾರಣಗಳಿವೆ.

ಮೊದಲನೆಯದು ಹೆಸರಿನ ಬಾಲ. ಗಿಟ್‌ಹಬ್ ತಾಣದಿಂದ ಮೂಲ ಸಂಕೇತವನ್ನು ಜಿಪ್ ರೂಪದಲ್ಲಿ ಇಳಿಸಿಕೊಂಡಾಗ, ಫೋಲ್ಡರಿನ ಹೆಸರಿನ ಕೊನೆಗೆ '-ಮೇನ್' ಅಥವಾ '-ಮಾಸ್ಟರ್' ಎಂಬ ಶಾಖೆಯ ಹೆಸರು ತಾನಾಗಿ ಸೇರುತ್ತದೆ. ಆಗ ಹೆಸರು '.ಕೋಪ್ಲಗಿನ್' ಎಂದು ಮುಗಿಯುವುದಿಲ್ಲ. ಕೋರೀಡರ್ ಅದನ್ನು ಪ್ಲಗಿನ್ ಎಂದು ಗುರುತಿಸುವುದಿಲ್ಲ. ಯಾವ ದೋಷ ಸಂದೇಶವೂ ಬರುವುದಿಲ್ಲವಾದ್ದರಿಂದ ಬಳಕೆದಾರರು ಪ್ಲಗಿನ್ ಕೆಟ್ಟಿದೆ ಎಂದು ಭಾವಿಸುತ್ತಾರೆ. ಬಾಲವನ್ನು ಅಳಿಸಿದರೆ ಸಾಕು.

ಎರಡನೆಯದು ಫೋಲ್ಡರಿನೊಳಗೆ ಫೋಲ್ಡರ್. ವಿಂಡೋಸ್‌ನಲ್ಲಿ ಜಿಪ್ ಬಿಚ್ಚುವಾಗ ಜಿಪ್ ಕಡತದ ಹೆಸರಿನಲ್ಲೇ ಒಂದು ಹೊರ ಫೋಲ್ಡರ್ ಸೃಷ್ಟಿಯಾಗುತ್ತದೆ. ನಿಜವಾದ ಪ್ಲಗಿನ್ ಅದರ ಒಳಗಿರುತ್ತದೆ. ಹೊರಗಿನದನ್ನೇ ನಕಲಿಸಿದರೆ 'ಮೇನ್.ಲುವಾ' ಒಂದು ಹಂತ ಕೆಳಗೆ ಉಳಿದುಬಿಡುತ್ತದೆ. ಲಕೋಟೆಯೊಳಗೆ ಮತ್ತೊಂದು ಲಕೋಟೆಯಿಟ್ಟು ಕಳಿಸಿದರೆ ಮೇಲಿನ ವಿಳಾಸವನ್ನಷ್ಟೇ ಓದುವ ಅಂಚೆಯವನಂತೆ, ಕೋರೀಡರ್ ಮೊದಲ ಹಂತವನ್ನು ಮಾತ್ರ ನೋಡುತ್ತದೆ.

ಮೂರನೆಯದು ತಪ್ಪು ಸ್ಥಳ. ಕಿಂಡಲ್‌ನಲ್ಲಿ 'ಎಕ್ಸ್‌ಟೆನ್ಷನ್ಸ್' ಎಂಬ ಫೋಲ್ಡರ್ ಇರುವುದರಿಂದ ಕೋರೀಡರ್ ಪ್ಲಗಿನ್‌ಗಳನ್ನೂ ಅಲ್ಲಿಯೇ ಹಾಕುವವರಿದ್ದಾರೆ. ಅದು ಕ್ಯುಯಲ್ ಮೆನುವಿಗೆ ಸೇರಿದ ಸ್ಥಳ. ಕೋರೀಡರ್ ಅಲ್ಲಿ ಪ್ಲಗಿನ್ ಹುಡುಕುವುದಿಲ್ಲ.

ಕೋರೀಡರ್ ತೆರೆಯದಿರುವುದು

ಹೊಸ ಪ್ಲಗಿನ್ ಹಾಕಿದ ಬಳಿಕ ಕೋರೀಡರ್ ಆರಂಭದಲ್ಲೇ ನಿಂತುಹೋದರೆ ಗಾಬರಿಪಡಬೇಕಿಲ್ಲ. ಕಿಂಡಲ್ ಮತ್ತು ಕೋಬೋಗಳಲ್ಲಿ ಕೋರೀಡರ್ ಮೂಲ ತಂತ್ರಾಂಶದ ಪಕ್ಕದಲ್ಲಿ ನಡೆಯುವ ಇನ್ನೊಂದು ತಂತ್ರಾಂಶ ಮಾತ್ರ. ಪ್ಲಗಿನ್‌ನ ದೋಷದಿಂದ ಸಾಮಾನ್ಯವಾಗಿ ಸಾಧನ ಕೆಡುವುದಿಲ್ಲ. ಸಾಧನವನ್ನು ಮರುಪ್ರಾರಂಭಿಸಿ, ಗಣಕಕ್ಕೆ ಜೋಡಿಸಿ, ಆ ಪ್ಲಗಿನ್ ಫೋಲ್ಡರನ್ನು ಹೊರತೆಗೆದರೆ ಅಥವಾ ಅದರ ಹೆಸರಿನ ಕೊನೆಗೆ ಒಂದು ಅಕ್ಷರ ಸೇರಿಸಿದರೆ ಕೋರೀಡರ್ ಅದನ್ನು ಬಿಟ್ಟು ತೆರೆಯುತ್ತದೆ. 'ಕೋರೀಡರ್' ಫೋಲ್ಡರಿನಲ್ಲಿರುವ 'ಕ್ರ್ಯಾಶ್.ಲಾಗ್' ಎಂಬ ಕಡತದ ಕೊನೆಯ ಸಾಲುಗಳಲ್ಲಿ ಯಾವ ಕಡತದ ಎಷ್ಟನೆಯ ಸಾಲಿನಲ್ಲಿ ತಪ್ಪಾಯಿತೆಂಬ ವಿವರವಿರುತ್ತದೆ. ಪ್ಲಗಿನ್ ಬರೆದವರಿಗೆ ದೂರು ಕೊಡುವಾಗ ಈ ಸಾಲುಗಳನ್ನು ಕಳಿಸುವುದು ಉಪಯುಕ್ತ.

ಲುವಾ ಕಡತವನ್ನು ತಿದ್ದಬೇಕಾದರೆ ಸರಳ ಪಠ್ಯ ಸಂಪಾದಕವನ್ನೇ ಬಳಸಬೇಕು. ಪತ್ರ ಬರೆಯುವ ವರ್ಡ್‌ನಂಥ ತಂತ್ರಾಂಶಗಳು ನೇರ ಉದ್ಧರಣ ಚಿಹ್ನೆಯನ್ನು ಬಾಗಿದ ಚಿಹ್ನೆಯಾಗಿ ಬದಲಿಸುತ್ತವೆ. ಕಣ್ಣಿಗೆ ವ್ಯತ್ಯಾಸ ಕಾಣದಿದ್ದರೂ ಲುವಾ ಅದನ್ನು ದೋಷವೆಂದು ಪರಿಗಣಿಸುತ್ತದೆ.

ಕನ್ನಡ ಪಠ್ಯದ ಜೋಡಣೆ

ಫಾಂಟ್ ಮತ್ತು ಒತ್ತಕ್ಷರ

ಯೂನಿಕೋಡ್‌ನಲ್ಲಿ ಕನ್ನಡ ಲಿಪಿ 1991ರ ಮೊದಲ ಆವೃತ್ತಿಯಿಂದಲೂ ಇದೆ. ಆದರೆ ಯೂನಿಕೋಡ್ ಅಕ್ಷರಗಳ ಕ್ರಮವನ್ನಷ್ಟೇ ದಾಖಲಿಸುತ್ತದೆ, ಅವುಗಳ ಆಕಾರವನ್ನಲ್ಲ. 'ಸ್ತ್ರೀ' ಎಂಬುದು ಓದುಗರಿಗೆ ಒಂದೇ ಅಕ್ಷರ. ಕಡತದಲ್ಲಿ ಅದು ಸ, ಹಲಂತ, ತ, ಹಲಂತ, ರ, ದೀರ್ಘ ಈಕಾರದ ಗುಣಿತ ಚಿಹ್ನೆ ಹೀಗೆ ಆರು ಸಂಕೇತಗಳ ಸಾಲು. 'ಸೂರ್ಯ' ಎಂಬಲ್ಲಿ ರಕಾರವು ಕಡತದಲ್ಲಿ ಯಕಾರಕ್ಕಿಂತ ಮೊದಲಿದ್ದರೂ, ಪರದೆಯಲ್ಲಿ ಅರ್ಕಾವತ್ತಾಗಿ ಅದರ ನಂತರ ಕಾಣಬೇಕು. ಈ ಜೋಡಣೆಯನ್ನು ಮಾಡುವುದು ಎರಡು ಅಂಗಗಳ ಸಹಕಾರ: ಒತ್ತಕ್ಷರಗಳ ಆಕಾರಗಳನ್ನೂ ನಿಯಮಗಳನ್ನೂ ಒಳಗೊಂಡ ಓಪನ್‌ಟೈಪ್ ಫಾಂಟ್, ಹಾಗೂ ಆ ನಿಯಮಗಳನ್ನು ಅನ್ವಯಿಸುವ ಹಾರ್ಫ್‌ಬಜ್ ಎಂಬ ಘಟಕ. ಹಾರ್ಫ್‌ಬಜ್ ಕೋರೀಡರ್‌ನಲ್ಲಿ ಅಡಕವಾಗಿದೆ. ಕನ್ನಡ ಫಾಂಟನ್ನು ಬಳಕೆದಾರರೇ ಸೇರಿಸುವುದು ಲೇಸು.

ನೋಟೋ ಸೆರಿಫ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ, ಟೀರೋ ಕನ್ನಡ, ಗುಬ್ಬಿ, ನವಿಲು ಇವು ಮುಕ್ತವಾಗಿ ದೊರೆಯುವ ಯೂನಿಕೋಡ್ ಫಾಂಟುಗಳು. ಆರಿಸಿದ ಫಾಂಟನ್ನು 'ಫಾಂಟ್ಸ್' ಫೋಲ್ಡರಿಗೆ ನಕಲಿಸಿ ಕೋರೀಡರನ್ನು ಮತ್ತೆ ಆರಂಭಿಸಿದರೆ ಪಟ್ಟಿಯಲ್ಲಿ ಅದರ ಹೆಸರು ಕಾಣುತ್ತದೆ. ಇಂಗ್ಲಿಷ್ ಪುಸ್ತಕದಲ್ಲಿ ಅಲ್ಲಲ್ಲಿ ಕನ್ನಡ ಪದ ಬರುವುದಾದರೆ, ಕನ್ನಡ ಫಾಂಟನ್ನು ಮುಖ್ಯ ಫಾಂಟಾಗಿ ಅಲ್ಲದೆ 'ಫಾಲ್‌ಬ್ಯಾಕ್' ಫಾಂಟಾಗಿ ಆರಿಸಬಹುದು. ಆಗ ಮುಖ್ಯ ಫಾಂಟಿನಲ್ಲಿಲ್ಲದ ಅಕ್ಷರಗಳನ್ನು ಕೋರೀಡರ್ ಇದರಿಂದ ಪಡೆಯುತ್ತದೆ.

ಫಾಂಟ್ ಇದ್ದೂ ಒತ್ತಕ್ಷರಗಳು ಬಿಡಿಬಿಡಿಯಾಗಿ, ಹಲಂತ ಚಿಹ್ನೆಯೊಂದಿಗೆ ಕಾಣಿಸಿದರೆ 'ಕರ್ನಿಂಗ್' ಆಯ್ಕೆಯನ್ನು ಪರಿಶೀಲಿಸಬೇಕು. ಇದರಲ್ಲಿ 'ಆಫ್', 'ಫಾಸ್ಟ್', 'ಗುಡ್', 'ಬೆಸ್ಟ್' ಎಂಬ ನಾಲ್ಕು ಮಟ್ಟಗಳಿವೆ. ಹಾರ್ಫ್‌ಬಜ್‌ನ ಸಂಪೂರ್ಣ ಅಕ್ಷರಜೋಡಣೆ ನಡೆಯುವುದು 'ಬೆಸ್ಟ್' ಮಟ್ಟದಲ್ಲಿ. ಇಂಗ್ಲಿಷ್ ಓದುಗರಿಗೆ ಇದು ಅಂದದ ವಿಷಯ. ಕನ್ನಡ ಓದುಗರಿಗೆ ಪದ ಪದವಾಗಿ ಉಳಿಯುವ ವಿಷಯ. ವೇಗಕ್ಕಾಗಿ ಈ ಮಟ್ಟವನ್ನು ಇಳಿಸಬೇಕೆಂಬ ಸಲಹೆ ಕನ್ನಡಕ್ಕೆ ಅನ್ವಯಿಸುವುದಿಲ್ಲ.

ಹಳೆಯ ಸಂಕೇತದ ಪಠ್ಯಗಳು

ಯೂನಿಕೋಡ್ ಬಳಕೆಗೆ ಬರುವ ಮುನ್ನ, ಹಾಗೂ ಮುದ್ರಣ ಕ್ಷೇತ್ರದಲ್ಲಿ ಅನಂತರವೂ, ಕನ್ನಡವನ್ನು ನುಡಿ, ಬರಹ ಮುಂತಾದ ತಂತ್ರಾಂಶಗಳ ಫಾಂಟ್ ಆಧಾರಿತ ಸಂಕೇತಗಳಲ್ಲಿ ಬೆರಳಚ್ಚು ಮಾಡಲಾಗುತ್ತಿತ್ತು. ಇಂಥ ಕಡತದಲ್ಲಿರುವುದು ವಾಸ್ತವವಾಗಿ ರೋಮನ್ ಅಕ್ಷರ ಮತ್ತು ಚಿಹ್ನೆಗಳು. ನಿರ್ದಿಷ್ಟ ಫಾಂಟ್ ಅವುಗಳಿಗೆ ಕನ್ನಡದ ವೇಷ ತೊಡಿಸುತ್ತದೆ. ಇದರಿಂದ ತಯಾರಿಸಿದ ಇಪಬ್ ತೆರೆದಾಗ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಂಡರೆ ಅದು ಅಳವಡಿಕೆಯ ದೋಷವಲ್ಲ. ಪುಸ್ತಕದೊಳಗೆ ಫಾಂಟ್ ಅಡಕವಾಗಿದ್ದರೆ 'ಎಂಬೆಡೆಡ್ ಫಾಂಟ್ಸ್' ಆಯ್ಕೆಯನ್ನು ಚಾಲೂ ಮಾಡಿದಾಗ ಓದಲು ಸಾಧ್ಯವಾಗಬಹುದು. ಆದರೆ ಪದ ಹುಡುಕುವುದು, ನಿಘಂಟು ನೋಡುವುದು ಆಗುವುದಿಲ್ಲ. ಪರಿವರ್ತಕ ತಂತ್ರಾಂಶದಿಂದ ಪಠ್ಯವನ್ನು ಯೂನಿಕೋಡಿಗೆ ಬದಲಿಸಿಕೊಳ್ಳುವುದೇ ಸರಿಯಾದ ಪರಿಹಾರ.

ನಿಘಂಟು

ಸ್ಟಾರ್‌ಡಿಕ್ಟ್ ನಿಘಂಟಿನಲ್ಲಿ ಕನಿಷ್ಠ ಮೂರು ಕಡತಗಳಿರುತ್ತವೆ: ಪರಿಚಯದ 'ಐಎಫ್‌ಒ', ಸೂಚಿಯ 'ಐಡಿಎಕ್ಸ್' ಮತ್ತು ಅರ್ಥಗಳಿರುವ 'ಡಿಕ್ಟ್' ಕಡತ. ಮೂರಕ್ಕೂ ಒಂದೇ ಮೂಲ ಹೆಸರಿರಬೇಕು. ಒಂದು ಬಿಟ್ಟುಹೋದರೂ ನಿಘಂಟು ಕೆಲಸ ಮಾಡುವುದಿಲ್ಲ. ಪ್ರತಿ ನಿಘಂಟಿಗೂ ಪ್ರತ್ಯೇಕ ಒಳ ಫೋಲ್ಡರ್ ಮಾಡುವುದು ಅಚ್ಚುಕಟ್ಟು.

ವಿ. ಕೃಷ್ಣ ಅವರು ಸಂಕಲಿಸಿದ 'ಅಲರ್' ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಮುಕ್ತ ಪರವಾನಗಿಯಡಿ ಪ್ರಕಟವಾಯಿತು. ಇದರಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ನಮೂದುಗಳಿವೆ. ಇಂಥ ಮುಕ್ತ ದತ್ತಾಂಶವನ್ನು ಪೈಗ್ಲಾಸರಿ ಎಂಬ ತಂತ್ರಾಂಶದ ನೆರವಿನಿಂದ ಸ್ಟಾರ್‌ಡಿಕ್ಟ್ ಮಾದರಿಗೆ ಪರಿವರ್ತಿಸಿಕೊಳ್ಳಬಹುದು. ಭಾರತೀಯ ಭಾಷೆಗಳ ನಿಘಂಟುಗಳನ್ನು ಇದೇ ಮಾದರಿಯಲ್ಲಿ ಸಂಗ್ರಹಿಸುವ ಇಂಡಿಕ್-ಡಿಕ್ಟ್ ಎಂಬ ಸ್ವಯಂಸೇವಕರ ಯೋಜನೆಯಲ್ಲಿ ಕನ್ನಡದ ವಿಭಾಗವೂ ಇದೆ.

ಕನ್ನಡದಲ್ಲಿ ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುವುದರಿಂದ ಒಂದು ತೊಡಕು ಉಳಿಯುತ್ತದೆ. ಪುಟದಲ್ಲಿ 'ಮರಗಳಿಂದ' ಎಂಬುದನ್ನು ಒತ್ತಿದರೆ ನಿಘಂಟಿನಲ್ಲಿ ಆ ರೂಪ ಇರುವುದಿಲ್ಲ; ಇರುವುದು 'ಮರ' ಮಾತ್ರ. ಸಂಧಿಯಾದ ಪದಗಳಲ್ಲಿ ಕಷ್ಟ ಇನ್ನೂ ಹೆಚ್ಚು. ಹುಡುಕುವ ಪೆಟ್ಟಿಗೆಯಲ್ಲಿ ಪ್ರತ್ಯಯವನ್ನು ಅಳಿಸಿ ಮೂಲ ಪದವನ್ನು ಮಾತ್ರ ಉಳಿಸಿ ಮತ್ತೆ ಹುಡುಕಬೇಕು. ವಿದ್ಯಾರ್ಥಿಗಳಿಗೆ ಇದು ವ್ಯಾಕರಣದ ಅಭ್ಯಾಸವೂ ಆಗುತ್ತದೆ.

ಕನ್ನಡ ಪುಸ್ತಕಗಳ ಮೂಲಗಳು

ಕನ್ನಡ ವಿಕಿಸೋರ್ಸ್‌ನ ಪಠ್ಯಗಳನ್ನು ಇಪಬ್ ರೂಪದಲ್ಲಿ ಇಳಿಸಿಕೊಳ್ಳಬಹುದು. ಇವು ಯೂನಿಕೋಡ್ ಪಠ್ಯಗಳಾದ್ದರಿಂದ ಅಕ್ಷರದ ಗಾತ್ರ ಹಿಗ್ಗಿಸಿದರೂ ಸಾಲುಗಳು ತಾವಾಗಿ ಹೊಂದಿಕೊಳ್ಳುತ್ತವೆ. ವಯಸ್ಸಾದ ಓದುಗರಿಗೂ ದೃಷ್ಟಿ ಮಂದವಾದವರಿಗೂ ಇದು ದೊಡ್ಡ ಅನುಕೂಲ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಲೇಖನಗಳೂ ಅಲ್ಲಿ ಲಭ್ಯ.

ಇಂಟರ್‌ನೆಟ್ ಆರ್ಕೈವ್‌ನಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಹಾಗೂ ಸರ್ವೆಂಟ್ಸ್ ಆಫ್ ನಾಲೆಡ್ಜ್ ಸಂಗ್ರಹಗಳ ಕನ್ನಡ ಪುಸ್ತಕಗಳು ಪುಟಚಿತ್ರಗಳ ರೂಪದಲ್ಲಿವೆ. ಆರೇಳು ಇಂಚಿನ ಪರದೆಯಲ್ಲಿ ಇವುಗಳ ಅಕ್ಷರ ಚಿಕ್ಕದಾಗಿ ಕಾಣುತ್ತದೆ. ಕೋರೀಡರ್‌ನ ಅಂಚು ಕತ್ತರಿಸುವ ಸೌಲಭ್ಯದಿಂದ ಪುಟದ ಖಾಲಿ ಭಾಗವನ್ನು ತೆಗೆದರೆ, ಅಥವಾ ಸಾಧನವನ್ನು ಅಡ್ಡ ಹಿಡಿದು ಅರ್ಧರ್ಧ ಪುಟ ಓದಿದರೆ ಸಮಸ್ಯೆ ಬಹುಮಟ್ಟಿಗೆ ನೀಗುತ್ತದೆ. ಇದಕ್ಕೆ ಯಾವ ಹೊರಗಿನ ಪ್ಲಗಿನ್ ಕೂಡ ಬೇಕಿಲ್ಲ.

ನಕಲು ಪ್ರತಿ ಮತ್ತು ನವೀಕರಣ

ಓದುವಾಗ ಮಾಡಿದ ಗುರುತು ಮತ್ತು ಟಿಪ್ಪಣಿಗಳನ್ನು ಕೋರೀಡರ್ ಸಾಮಾನ್ಯವಾಗಿ ಪುಸ್ತಕದ ಪಕ್ಕದಲ್ಲೇ '.ಎಸ್‌ಡಿಆರ್' ಎಂದು ಮುಗಿಯುವ ಫೋಲ್ಡರಿನಲ್ಲಿ ಇರಿಸುತ್ತದೆ. ಗಣಕದಿಂದ ಪುಸ್ತಕದ ಹೆಸರನ್ನು ಮಾತ್ರ ಬದಲಿಸಿದರೆ ಅಥವಾ ಈ ಫೋಲ್ಡರನ್ನು ಅನಗತ್ಯವೆಂದು ಅಳಿಸಿದರೆ ಟಿಪ್ಪಣಿಗಳ ಸಂಬಂಧ ತಪ್ಪುತ್ತದೆ. ವರ್ಷಗಳ ಓದಿನ ಟಿಪ್ಪಣಿ ಹೀಗೆ ಒಂದು ಕ್ಷಣದಲ್ಲಿ ಹೋಗಬಹುದಾದ್ದರಿಂದ, ಯಾವುದೇ ಅಳವಡಿಕೆಗೆ ಮುನ್ನ ಪುಸ್ತಕಗಳ ಫೋಲ್ಡರನ್ನೂ 'ಕೋರೀಡರ್' ಫೋಲ್ಡರನ್ನೂ ಪೂರ್ತಿಯಾಗಿ ಗಣಕಕ್ಕೆ ನಕಲಿಸಿಕೊಳ್ಳಬೇಕು. ಓದಿನ ಅಂಕಿ-ಅಂಶ 'ಸೆಟ್ಟಿಂಗ್ಸ್' ಒಳ ಫೋಲ್ಡರಿನಲ್ಲೂ ಬಳಕೆದಾರರ ಆಯ್ಕೆಗಳು 'ಸೆಟ್ಟಿಂಗ್ಸ್.ರೀಡರ್.ಲುವಾ' ಕಡತದಲ್ಲೂ ಇರುತ್ತವೆ.

ಕೋರೀಡರ್ ನವೀಕರಣಗೊಂಡಾಗ ಬಳಕೆದಾರರು ಸೇರಿಸಿದ ಪ್ಲಗಿನ್ ಉಳಿಯುತ್ತದೆ. ಆದರೆ ಹೊಸ ಆವೃತ್ತಿಗೆ ಅದು ಹೊಂದದೆ ಹೋಗಬಹುದು. ಸಾಧನದ ಫರ್ಮ್‌ವೇರ್ ನವೀಕರಣ ಬೇರೆಯೇ ವಿಷಯ. ಕಿಂಡಲ್‌ನ ಹೊಸ ಫರ್ಮ್‌ವೇರ್ ಜೈಲ್‌ಬ್ರೇಕ್ ದಾರಿಯನ್ನು ಮುಚ್ಚಬಹುದಾದ್ದರಿಂದ, ಮಾರ್ಪಡಿಸಿದ ಸಾಧನವನ್ನು ವಿಚಾರಿಸದೆ ನವೀಕರಿಸಬಾರದು.

ಸುರಕ್ಷತೆ

ಕೋರೀಡರ್ ಪ್ಲಗಿನ್‌ಗಳಿಗೆ ಪ್ರತ್ಯೇಕ ಆವರಣವಿಲ್ಲ. ಮೊಬೈಲ್ ಫೋನಿನಲ್ಲಿ ಪ್ರತಿ ಆ್ಯಪ್ ಅನುಮತಿ ಕೇಳುವಂತೆ ಇವು ಕೇಳುವುದಿಲ್ಲ. ಕೋರೀಡರ್‌ಗೆ ಇರುವ ಎಲ್ಲ ಅಧಿಕಾರವೂ ಪ್ಲಗಿನ್‌ಗೆ ದೊರೆಯುತ್ತದೆ. ಕಿಂಡಲ್‌ನಲ್ಲಿ ಇದು ಇಡೀ ಸಾಧನದ ಮೇಲಿನ ಅಧಿಕಾರ. ಆದ್ದರಿಂದ ಮೂಲ ಸಂಕೇತ ಬಹಿರಂಗವಾಗಿರುವ, ಇತರರು ಬಳಸಿ ನೋಡಿರುವ ಪ್ಲಗಿನ್‌ಗಳನ್ನು ಮಾತ್ರ ಅವುಗಳ ಮೂಲ ತಾಣದಿಂದ ಪಡೆಯಬೇಕು. ಬ್ಯಾಟರಿ ಸಾಕಷ್ಟು ಇರುವಾಗಲೇ ಜೈಲ್‌ಬ್ರೇಕ್ ಕೆಲಸ ಆರಂಭಿಸಬೇಕು. ನಡುವೆ ಸಾಧನ ಆರಿಹೋದರೆ ಸರಿಪಡಿಸುವುದು ಕಷ್ಟ.

ಕಾನೂನಿನ ಅಂಶಗಳು

ಭಾರತದ ಕೃತಿಸ್ವಾಮ್ಯ ಅಧಿನಿಯಮ 1957ಕ್ಕೆ 2012ರ ತಿದ್ದುಪಡಿಯಲ್ಲಿ 65ಎ ಕಲಮನ್ನು ಸೇರಿಸಲಾಯಿತು. ಕೃತಿಸ್ವಾಮ್ಯದ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ರಕ್ಷಣೆಯನ್ನು ಭೇದಿಸುವುದು ಇದರಡಿ ಅಪರಾಧ. ಎರಡು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಕಾಯಿದೆಯ ಒತ್ತು ಉದ್ದೇಶದ ಮೇಲಿದೆ ಎಂಬುದು ಗಮನಾರ್ಹ. ಸ್ವಂತ ಸಾಧನದಲ್ಲಿ ಮುಕ್ತ ತಂತ್ರಾಂಶ ಹಾಕಿ ಮುಕ್ತ ಪುಸ್ತಕ ಓದುವುದೂ, ಮಾರಾಟದ ಪುಸ್ತಕಗಳ ಬೀಗ ಒಡೆದು ಹಂಚುವುದೂ ಒಂದೇ ಅಲ್ಲ. ತಯಾರಕರ ವಾರಂಟಿ ಷರತ್ತುಗಳು ಇದರಿಂದ ಪ್ರತ್ಯೇಕ. ಮಾರ್ಪಡಿಸಿದ ಸಾಧನಕ್ಕೆ ಅವರು ಸೇವೆಯನ್ನು ನಿರಾಕರಿಸಬಹುದು.

ಭಾರತದಲ್ಲಿ ಸಾಹಿತ್ಯ ಕೃತಿಯ ಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷಗಳವರೆಗೆ ಇರುತ್ತದೆ. ಮುದ್ದಣ (1870-1901), ಎಂ. ಎಸ್. ಪುಟ್ಟಣ್ಣ (1854-1930), ಪಂಜೆ ಮಂಗೇಶರಾಯರು (1874-1937), ಗಳಗನಾಥರು (1869-1942), ಬಿ. ಎಂ. ಶ್ರೀಕಂಠಯ್ಯ (1884-1946) ಮುಂತಾದವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳು ಈಗ ಸಾರ್ವಜನಿಕ ಸ್ವತ್ತು. ಆಧುನಿಕ ಕನ್ನಡದ ಆರಂಭಕಾಲದ ಬರಹವನ್ನು ಯಾವ ಅಂಜಿಕೆಯೂ ಇಲ್ಲದೆ ಇ-ರೀಡರಿಗೆ ತುಂಬಿಕೊಳ್ಳಬಹುದು.

ಮಿತಿಗಳು

ಕನ್ನಡ ಪ್ರಕಾಶಕರು ತಮ್ಮದೇ ಆ್ಯಪ್‌ಗಳ ಮೂಲಕ ಮಾರುವ ಇ-ಪುಸ್ತಕಗಳು ಆ ಆ್ಯಪ್‌ಗಳಲ್ಲಿ ಮಾತ್ರ ತೆರೆಯುವುದರಿಂದ ಅವನ್ನು ಕೋರೀಡರ್‌ನಲ್ಲಿ ಓದಲಾಗುವುದಿಲ್ಲ. ಹೀಗಾಗಿ ಸಮಕಾಲೀನ ಸಾಹಿತ್ಯದ ದೊಡ್ಡ ಭಾಗ ಈ ಸಾಧನಗಳ ಹೊರಗೇ ಇದೆ. ಪುಟಚಿತ್ರಗಳ ರೂಪದ ಪುಸ್ತಕಗಳಲ್ಲಿ ಪದ ಹುಡುಕುವುದಾಗಲಿ ಅಕ್ಷರದ ಗಾತ್ರ ಬದಲಿಸುವುದಾಗಲಿ ಯೂನಿಕೋಡ್ ಪಠ್ಯದಷ್ಟು ಸುಲಭವಲ್ಲ. ಇವು ಪ್ಲಗಿನ್‌ನಿಂದ ನೀಗುವ ಕೊರತೆಗಳಲ್ಲ. ಪುಟಗಳನ್ನು ಓದಿ, ಬೆರಳಚ್ಚಿಸಿ, ತಿದ್ದಿ ಪಠ್ಯವಾಗಿಸುವ ವಿಕಿಸೋರ್ಸ್‌ನಂಥ ಕೆಲಸದಿಂದಲೇ ಅವು ಕಡಿಮೆಯಾಗುತ್ತವೆ.

ಇವನ್ನೂ ನೋಡಿ

ಇ-ಪುಸ್ತಕ
ಅಮೆಜಾನ್ ಕಿಂಡಲ್
ಇಪಬ್
ಯೂನಿಕೋಡ್
ಕನ್ನಡ ಲಿಪಿ
ಮುಕ್ತ ತಂತ್ರಾಂಶ
ವಿಕಿಸೋರ್ಸ್